‘ನೀವು ಹೋಗ್ರಿ’

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ದಿನಕ್ಕೆ ಹತ್ತು ಸಲವಾದರೂ ಕಿವಿಗೆ ಬೀಳುವ ಮಾತುಗಳಲ್ಲಿ ‘ನೀವು ಹೋಗ್ರಿ’ ಎಂಬುದೂ ಒಂದು. ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವನು ಹಿಂದಿನವನಿಗೆ ಹೇಳುತ್ತಾನೆ. ಮದುವೆಯ ಪಂಕ್ತಿಯಲ್ಲಿ ಒಂದೇ ಎಲೆ ಖಾಲಿ ಉಳಿದಾಗ ಬೀಗರು ಬೀಗರಿಗೆ ಹೇಳುತ್ತಾರೆ. ಮೈಯಲ್ಲಿ ನೆಟ್ಟಗಿಲ್ಲದ ಅಜ್ಜಿ ಜಾತ್ರೆಗೆ ಹೊರಟು ನಿಂತ ಮಕ್ಕಳಿಗೆ ಹೇಳುತ್ತಾಳೆ. ಅಕ್ಷರಗಳು ಅವೇ, ಅರ್ಥ ಮಾತ್ರ ಮೂರು ಕಡೆಗೂ ಬೇರೆ. ಬಸ್ಸಿನವನದು ಸೌಜನ್ಯ, ಬೀಗರದು ಉಪಚಾರ. ಅಜ್ಜಿಯದು ಏನು? ನಿಜವಾಗಿಯೂ ಹೋಗಿರೆನ್ನುತ್ತಿದ್ದಾಳೆಯೋ, ಒಬ್ಬರಾದರೂ ಉಳಿದಾರೆಂದು ಕಾಯುತ್ತಿದ್ದಾಳೆಯೋ, ಇಲ್ಲವೆ ಎರಡನ್ನೂ ಒಂದೇ ಉಸಿರಿನಲ್ಲಿ ಬಯಸುತ್ತಿದ್ದಾಳೆಯೋ, ಪಾಪ, ಅವಳಿಗಾದರೂ ಗೊತ್ತಿರುತ್ತದೆಯೆ?

ಈ ಮೂರನೆಯ ಜಾತಿಯ ‘ನೀವು ಹೋಗ್ರಿ’ಯನ್ನು ಕುರಿತು ನಾನು ಇತ್ತೀಚೆಗೆ ಬಹಳ ಯೋಚಿಸಿದ್ದೇನೆ. ಕೂಡಿ ಹೊರಟವರಲ್ಲಿ ಒಬ್ಬನ ದಾರಿ ಹೊಸ್ತಿಲಲ್ಲಿಯೇ ಕಟ್ಟಾದರೆ ಉಳಿದವರ ಧರ್ಮವೇನು? ಅವನ ಮಾತನ್ನು ಮಾತಾಗಿಯೇ ಸ್ವೀಕರಿಸಿ ಮುಂದೆ ನಡೆಯಬೇಕೆ? ಮಾತಿನ ಹಿಂದಿನ ಮನಸ್ಸನ್ನು ಊಹಿಸಿ ನಿಲ್ಲಬೇಕೆ? ನಿಂತರೆ ಎಷ್ಟು ಮಂದಿ ನಿಲ್ಲಬೇಕು? ನಿಂತವನು ಹೇಗೆ ನಿಲ್ಲಬೇಕು? ಇಂಥ ಪ್ರಶ್ನೆಗಳನ್ನು ಸಾಮಾನ್ಯವಾಗಿ ಹೋದವರು ಇಲ್ಲವೆ ನಿಂತವರು ಚರ್ಚಿಸುತ್ತಾರೆ. ಹೊಸ್ತಿಲಲ್ಲಿ ತಡೆದು ನಿಲ್ಲಿಸಲ್ಪಟ್ಟವನನ್ನು ಯಾರೂ ಕೇಳುವುದಿಲ್ಲ. ಆ ಸ್ಥಾನ ಒಮ್ಮೆ ನನ್ನ ಪಾಲಿಗೆ ಬಂದಿತಾದ್ದರಿಂದ ಅಲ್ಲಿಂದ ಕಂಡದ್ದನ್ನು ಹೇಳುವ ಅಧಿಕಾರ ನನಗಿದೆಯೆಂದು ತಿಳಿದು ಇಷ್ಟು ಬರೆಯುತ್ತೇನೆ.

ನಮ್ಮದು ಬಯಲು ಸೀಮೆ ಮಲೆನಾಡನ್ನು ಮುಟ್ಟುವ ಅಂಚು. ನೀರೆಂದರೆ ಇಲ್ಲಿಯವರಿಗೆ ಕೆರೆ: ಅತ್ತ ಕೆಲಗೇರಿ, ಇತ್ತ ಉಣಕಲ್ಲು. ಹಾಗೆ ನೋಡಿದರೆ ಸಮುದ್ರವೂ ದೂರವಿಲ್ಲ. ಯಲ್ಲಾಪುರ ದಾಟಿ ಅರಬೈಲ ಘಟ್ಟ ಇಳಿದರೆ ಮುಂಜಾನೆ ಹೊರಟವರಿಗೆ ಮಧ್ಯಾಹ್ನದ ಊಟ ಅಂಕೋಲೆಯಲ್ಲಿ. ಆದರೂ ನಮ್ಮ ಜನ ದಂಡೆಯ ತನಕ ಹೋಗಿ, ಪಾದ ತೋಯಿಸಿಕೊಂಡು, ಉಸುಕು ಝಾಡಿಸಿಕೊಂಡು ತಿರುಗಿ ಬರುವವರೇ ಹೊರತು ಹಡಗು ಹತ್ತುವವರಲ್ಲ. ನಮಗಿಂತ ಮೊದಲು ಹಡಗು ಹತ್ತಿದ್ದು ನಮ್ಮ ಹೊಲದ ಹತ್ತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಗಳಲ್ಲಿ ಘಟ್ಟ ಇಳಿದು, ಕುಮಟೆಯಲ್ಲಿ ಹಡಗು ಸೇರಿ ಮುಂಬಯಿಗೆ ಹೋಗುತ್ತಿತ್ತು. ಅದಕ್ಕೆ ಮುಂಬಯಿಯ ಪೇಟೆಯಲ್ಲಿ ಬಿದ್ದ ಹೆಸರು ‘ಕುಮಟಾ ಹತ್ತಿ’. ಬೆಳೆದದ್ದು ನಮ್ಮ ಎರೆ ಭೂಮಿಯಲ್ಲಿ. ಹೆಸರು ಮಾತ್ರ ಹಡಗು ಹತ್ತಿದ ಊರಿನದು. ಹುಟ್ಟಿದ ನೆಲಕ್ಕಿಂತ ಹತ್ತಿದ ಕಟ್ಟೆ ದೊಡ್ಡದಾಯಿತು ನೋಡಿ! ಹಡಗು ಹತ್ತುವ ದಿನಕ್ಕೆ ಇಂಥದೊಂದು ಶಕ್ತಿ ಮೊದಲಿನಿಂದ ಇದೆ. ಅದುವರೆಗಿನದನ್ನೆಲ್ಲ ಹಿಂದೆ ಸರಿಸಿ, ಯಾರು ಹತ್ತಿದರು, ಯಾರು ಉಳಿದರು ಎಂಬುದೊಂದನ್ನೇ ಅದು ಲೆಕ್ಕ ಹಿಡಿಯುತ್ತದೆ.

ನಾವು ಐವರು ಗೆಳೆಯರು. ನಾಲ್ವರು ಕರ್ನಾಟಕ ಕಾಲೇಜಿನ ಒಂದೇ ಬೆಂಚಿನವರು: ಒಬ್ಬ ವಕೀಲ, ಇಬ್ಬರು ಮಾಸ್ತರರು, ನಾಲ್ಕನೆಯವನು ನಾನು. ಐದನೆಯವರು ಹುಬ್ಬಳ್ಳಿಯಲ್ಲಿ ಅರಿವೆ ಅಂಗಡಿ ಇಟ್ಟವರು. ಕಾಲೇಜಿನವರಲ್ಲ, ಭಿಶಿಯಿಂದ ನಮ್ಮಲ್ಲಿ ಸೇರಿದವರು. ನಾವು ನಾಲ್ವರು ಒಬ್ಬರಿಗೊಬ್ಬರು ‘ಲೇ’ ಎಂದು ಕರೆದುಕೊಳ್ಳುತ್ತೇವೆ. ಅರಿವೆ ಅಂಗಡಿಯವರು ಮಾತ್ರ ಹತ್ತು ವರ್ಷವಾದರೂ ‘ರೀ’ ಬಿಟ್ಟಿರಲಿಲ್ಲ, ನಾವೂ ಬಿಟ್ಟಿರಲಿಲ್ಲ. ಭಿಶಿಯ ಹಣ ಕೂಡಿಸುತ್ತ ಕೂಡಿಸುತ್ತ, ಅರವತ್ತು ದಾಟಿದ ಹುರುಪಿನಲ್ಲಿ, ವಿಹಾರದ ಹಡಗಿನಲ್ಲಿ ಒಮ್ಮೆ ಹೋಗಿಬರಬೇಕೆಂಬ ಹಂಬಲ ಹುಟ್ಟಿತು. ಮುಂಬಯಿಯಿಂದ ಹೊರಟು ಗೋವೆ ಮುಟ್ಟಿ ಮತ್ತೆ ಮುಂಬಯಿಗೆ, ಮೂರು ರಾತ್ರಿ. ಇದರಲ್ಲಿಯ ತಮಾಷೆಯನ್ನು ಓದುಗರು ಗಮನಿಸಬೇಕು. ಗೋವೆ ನಮಗೆ ಮಗ್ಗುಲ ಮನೆ. ಲೋಂಡಾ, ಕ್ಯಾಸಲ್‌ರಾಕ್ ದಾಟಿ ದೂಧಸಾಗರದ ಪಕ್ಕದಲ್ಲಿ ಗಾಡಿ ಇಳಿದರೆ ಆಯಿತು. ಅಂಥ ಗೋವೆಯನ್ನು ನೋಡಲು ಒಂದು ರಾತ್ರಿ ರೈಲಿನಲ್ಲಿ ಮುಂಬಯಿಗೆ ಹೋಗಿ, ಅಲ್ಲಿಂದ ಸಮುದ್ರದ ಮೇಲೆ ತಿರುಗಿ ಬರುವುದು! ಹೊರಟದ್ದು ಗೋವೆಗಲ್ಲ, ಕೂಡಿ ಇರುವುದಕ್ಕೆ ಎಂಬುದು ಎಲ್ಲರಿಗೂ ಗೊತ್ತಿತ್ತು; ಆದ್ದರಿಂದ ಯಾರೂ ನಗಲಿಲ್ಲ.

ಎರಡು ವರ್ಷದ ಕೆಳಗೆ ಚಳಿಗಾಲದ ಒಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ದಾದರ ಗಾಡಿ ಹತ್ತಿದೆವು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ನಮ್ಮ ಸಿದ್ಧಾರೂಢ ಸ್ವಾಮಿಗಳ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದದ್ದು, ಜಗತ್ತಿಗೇ ಉದ್ದನೆಯದು. ಬೀಳ್ಕೊಡುವವರು ಗಾಡಿಯ ಜೊತೆ ಓಡುವ ಪದ್ಧತಿ ಇನ್ನೂ ಉಳಿದಿದ್ದರೆ ಅದರಷ್ಟು ಅನುಕೂಲದ ಜಾಗ ಬೇರೊಂದಿರಲಾರದು. ಗಾಡಿಯಲ್ಲಿಯೇ ನನಗೆ ಮೈ ಬೆಚ್ಚಗೆನಿಸಿತ್ತು. ಚಹಾ ಕುಡಿದೆ, ಬಿಸಿಲಿನದೆಂದುಕೊಂಡೆ.

ಮರುದಿನ ಬಂದರಿನ ಕಟ್ಟಡದಲ್ಲಿ ಕ್ರಮ ಹೀಗಿತ್ತು. ಮೊದಲು ದೊಡ್ಡ ಪೆಟ್ಟಿಗೆಗಳಿಗೆ ಕೋಣೆಯ ನಂಬರಿನ ಚೀಟಿ ಕಟ್ಟಿ ಒಪ್ಪಿಸುವುದು; ಅವು ತಮ್ಮಷ್ಟಕ್ಕೆ ತಾವು ಹಡಗಿಗೆ ಹೋಗುತ್ತವೆ. ಆಮೇಲೆ ಗುರುತಿನ ಚೀಟಿ, ಆರೋಗ್ಯದ ಫಾರ್ಮು, ಕಾವಲಿನವರ ತಪಾಸಣೆ, ಕೊನೆಗೆ ಒಂದು ಕಾರ್ಡು ಕೊರಳಿಗೆ. ಉಳಿದ ನಾಲ್ವರಿಗೆ ಕಾರ್ಡು ಸಿಕ್ಕಿತು. ನನ್ನ ಫಾರ್ಮನ್ನು ನೋಡಿದ ಹೆಣ್ಣುಮಗಳು ಹಣೆಗೆ ಯಂತ್ರ ಹಿಡಿದಳು, ಮತ್ತೊಮ್ಮೆ ಹಿಡಿದಳು, ಡಾಕ್ಟರರನ್ನು ಕರೆದಳು. ನೂರಾ ಎರಡು ಜ್ವರ, ಜೊತೆಗೆ ಕೆಮ್ಮು. ಡಾಕ್ಟರರು ಎದೆಗೆ ಕೊಳವೆ ಇಟ್ಟು ನೋಡಿ, ಬಹಳ ಮೃದುವಾಗಿ, ತಾವು ಈ ಸಲ ಬರುವಂತಿಲ್ಲ ಎಂದರು.

ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ, ಕಾರಣವೂ ಇಲ್ಲ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಎಂಬ ವಿಹಾರದ ಹಡಗನ್ನು ತಡೆದು ನಿಲ್ಲಿಸಿದಾಗ ಅದರಲ್ಲಿ 3,711 ಜನ ಇದ್ದರು. ಏಳುನೂರಕ್ಕೂ ಹೆಚ್ಚು ಮಂದಿಗೆ ಕೊರೋನಾ ತಗುಲಿತು. ಊರಿನಲ್ಲಿ ಒಬ್ಬನಿಗೆ ಬಂದ ಜ್ವರ ಅವನ ಜ್ವರ. ಹಡಗಿನಲ್ಲಿ ಅದು ಹಡಗಿನ ಜ್ವರ. ನನ್ನ ಮುಖವನ್ನೇ ಕಾಣದ ಸಾವಿರಾರು ಜನರಿಗೆ ನನ್ನನ್ನು ಬಿಟ್ಟು ಹೋಗುವ ಹಕ್ಕು ಸಂಪೂರ್ಣವಾಗಿತ್ತು. ಪ್ರಶ್ನೆ ಇದ್ದದ್ದು ನನ್ನ ಮುಖ ಬಲ್ಲ ನಾಲ್ವರದು.

ನಾನು ಹೇಳಿದೆ: “ನೀವು ಹೋಗ್ರಪಾ. ನಾ ಒಂದ ದಿನ ಇಲ್ಲೆ ಮಲಕೊಂಡು ನಾಳೆ ಊರಿಗೆ ಹೋಗತೇನಿ.”

ಈ ಮಾತು ಸತ್ಯವೆ? ಆ ಹೊತ್ತಿಗೆ ನನ್ನೊಳಗೆ ಇದ್ದದ್ದನ್ನು ನಾನು ಎಷ್ಟು ಸಾಧ್ಯವೋ ಅಷ್ಟು ನಿಷ್ಠುರವಾಗಿ ನೆನೆದು ನೋಡಿದ್ದೇನೆ. ಸತ್ಯವಾಗಿತ್ತು. ಅವರು ಹೋಗಬೇಕೆಂದೇ ನನಗೆ ಇತ್ತು. ಜೊತೆಗೆ, ಜ್ವರದ ಮೈಯಲ್ಲಿ, ಹೆಂಡಿರುಮಕ್ಕಳಿಲ್ಲದ ಪರಊರಿನಲ್ಲಿ, ಅವರ ಬೆನ್ನುಗಳು ಆ ಉದ್ದನೆಯ ಓಣಿಯಲ್ಲಿ ಸಣ್ಣದಾಗುವುದನ್ನು ಕಾಣಬಾರದೆಂದೂ ಇತ್ತು. ಎರಡೂ ಇದ್ದುವು, ಒಂದು ಇನ್ನೊಂದನ್ನು ಸುಳ್ಳು ಮಾಡಲಿಲ್ಲ. ಮನುಷ್ಯನ ಮಾತನ್ನು ನಾವು ಸತ್ಯ ಇಲ್ಲವೆ ಸುಳ್ಳು ಎಂದು ಎರಡೇ ಪಾಲು ಮಾಡಿ ಇಡುತ್ತೇವೆ. ಸತ್ಯವಾಗಿದ್ದೂ ಪೂರ್ತಿಯಾಗದ ಮಾತಿಗೆ ನಮ್ಮಲ್ಲಿ ಹೆಸರೇ ಇಲ್ಲ.

ಹಿರಿಯ ಮಾಸ್ತರನ ಕಣ್ಣಲ್ಲಿ ಆಗಲೇ ನೀರು. “ಎಲ್ಲಾರೂ ತಿರಗಿ ಹೋಗೋಣು, ನಡೀರಿ. ಇವನ್ನ ಬಿಟ್ಟು ಹೋಗೋದು ಗೆಳೆತನ ಏನು?” ಎಂದ. ಇದು ಕೇಳುವವರಿಗೆ ಬಹಳ ಉದಾತ್ತವಾಗಿ ತೋರುತ್ತದೆ. ಆದರೆ ಆ ಮಾತು ಕಿವಿಗೆ ಬಿದ್ದೊಡನೆ ನನಗೆ ಆದದ್ದು ಸಂತೋಷವಲ್ಲ, ಅಂಜಿಕೆ. ಇವರೆಲ್ಲ ನನ್ನ ಸಲುವಾಗಿ ತಿರುಗಿದರೆ, ಎರಡು ವರ್ಷದ ಭಿಶಿಯ ಹಣವೂ ಹೋಗಿ, ಹಡಗೂ ಹೋಗಿ, ಉಳಿಯುವುದೇನು? ಪ್ರತಿ ಭಾನುವಾರ ಸಾಧನಕೇರಿಯ ಕಡೆ ತಿರುಗಾಡಲು ಹೋದಾಗ, ಯಾರೂ ಬಾಯಿ ಬಿಟ್ಟು ಹೇಳದಿದ್ದರೂ, ‘ಇವನ ಜ್ವರದ ವರ್ಷ’ ನಮ್ಮ ಜೊತೆ ಆರನೆಯವನಾಗಿ ನಡೆಯುತ್ತದೆ. ನಾಲ್ವರ ತ್ಯಾಗವನ್ನು ಒಬ್ಬನು ಹೊರುವುದು ಎಂಥ ಭಾರ! ಆ ಭಾರವನ್ನು ನನ್ನ ಹೆಗಲಿಗೆ ಏರಿಸುವ ಮುನ್ನ ನನ್ನನ್ನು ಒಂದು ಮಾತು ಕೇಳಬೇಕೆಂದು ಆ ಒಳ್ಳೆಯ ಮನುಷ್ಯನಿಗೆ ಹೊಳೆಯಲಿಲ್ಲ. ತ್ಯಾಗ ಮಾಡುವವರು ಸಾಮಾನ್ಯವಾಗಿ ಕೇಳುವುದಿಲ್ಲ.

ವಕೀಲನದು ಬೇರೆ ವಾದ. ಐದು ಜಾಗ ಖಾಲಿ ಹೋದರೆ ಇವನ ಜ್ವರ ಇಳಿಯುತ್ತದೆಯೆ? ಇಳಿಯುವುದಿಲ್ಲ. ಆದ್ದರಿಂದ ಹೋಗತಕ್ಕದ್ದು. ತರ್ಕದಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ತೊಡಕು ಎದ್ದಿತು: ನನ್ನ ಪೆಟ್ಟಿಗೆ ನನಗಿಂತ ಮೊದಲು ಹಡಗು ಹತ್ತಿಬಿಟ್ಟಿತ್ತು! ಅದನ್ನು ಹುಡುಕಿ ಕೆಳಗಿಳಿಸಲು ಒಂದು ತಾಸು ಬೇಕೆಂದರು. ಆ ಒಂದು ತಾಸು ನಾವು ಐವರೂ ಬಂದರಿನ ಬೆಂಚಿನ ಮೇಲೆ ಕೂತು ಧರ್ಮಜಿಜ್ಞಾಸೆ ಮಾಡಿದೆವು.

ಈ ಬಗೆಯ ಪ್ರಸಂಗ ನಮ್ಮ ಜನಕ್ಕೆ ಹೊಸದಲ್ಲ. ಮಹಾಭಾರತದ ಕೊನೆಯಲ್ಲಿ ಇದೇ ಇದೆ. ನಮ್ಮ ನೆರೆಯ ಗದುಗಿನ ನಾರಣಪ್ಪ ಹತ್ತು ಪರ್ವಕ್ಕೇ ಕಾವ್ಯ ನಿಲ್ಲಿಸಿದ್ದರಿಂದ ಮಹಾಪ್ರಸ್ಥಾನದ ಕಥೆಯನ್ನು ಅವನ ಬಾಯಿಂದ ಕೇಳುವ ಭಾಗ್ಯ ನಮಗಿಲ್ಲ. ವ್ಯಾಸರ ಮೂಲಕ್ಕೇ ಹೋಗಬೇಕು. ಐವರು ಪಾಂಡವರು, ದ್ರೌಪದಿ, ಹಿಂದೆ ಒಂದು ನಾಯಿ. ದಾರಿಯಲ್ಲಿ ಮೊದಲು ದ್ರೌಪದಿ ಬಿದ್ದಳು, ಆಮೇಲೆ ಸಹದೇವ, ನಕುಲ, ಅರ್ಜುನ, ಕೊನೆಗೆ ಭೀಮ. ಧರ್ಮರಾಯ ಒಬ್ಬರಿಗೂ ಹಿಂದಿರುಗಿ ನೋಡಲಿಲ್ಲ. ಭೀಮ ಕೇಳಿದಾಗಲೆಲ್ಲ ಬಿದ್ದವರ ದೋಷವೇನೆಂದು ಹೇಳುತ್ತ ನಡೆದ. ಮುಂದೆ ಇಂದ್ರ ರಥ ತಂದು ಹತ್ತು ಎಂದಾಗ ಮಾತ್ರ ಅದೇ ಮನುಷ್ಯ ನಾಯಿಯನ್ನು ಬಿಟ್ಟು ಹತ್ತಲಾರೆನೆಂದು ಹಟ ಹಿಡಿದ. ಚಿಕ್ಕಂದಿನಲ್ಲಿ ಇದು ನನಗೆ ಬಹಳ ವಿಚಿತ್ರವಾಗಿ ಕಾಣುತ್ತಿತ್ತು. ತಮ್ಮಂದಿರಿಗಿಲ್ಲದ ದಯೆ ನಾಯಿಗೆ!

ಇಂದ್ರನೂ ಈ ಪ್ರಶ್ನೆಯನ್ನೇ ಕೇಳುತ್ತಾನೆ. ಧರ್ಮರಾಯನ ಉತ್ತರದ ತಾತ್ಪರ್ಯ ಇಷ್ಟು: ಸತ್ತವರನ್ನು ಎಬ್ಬಿಸುವುದು ನನ್ನ ಕೈಯಲ್ಲಿಲ್ಲ, ಅವರೊಡನೆ ಇನ್ನು ಸ್ನೇಹವೂ ಇಲ್ಲ, ವೈರವೂ ಇಲ್ಲ, ಬದುಕಿದ್ದಾಗ ನಾನು ಅವರನ್ನು ಬಿಡಲಿಲ್ಲ. ನಾಯಿ ಬದುಕಿದೆ, ನನ್ನನ್ನು ನಂಬಿ ಬಂದಿದೆ. ಇದರಲ್ಲಿ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಹೆಚ್ಚಿನ ವಿವೇಕವಿದೆ. ನಿಲ್ಲುವುದರಿಂದ ಏನಾದರೂ ಆಗುವುದಿದ್ದರೆ ನಿಲ್ಲು. ಏನೂ ಆಗುವುದಿಲ್ಲವಾದರೆ ನಿಲ್ಲುವುದು ನಿನ್ನ ಮನಸ್ಸಮಾಧಾನಕ್ಕೇ ಹೊರತು ಬಿದ್ದವನಿಗಲ್ಲ. ನಮ್ಮ ವಕೀಲ ಧರ್ಮರಾಯನ ಮೊದಲ ಅರ್ಧವನ್ನು ಹೇಳಿದ್ದ, ಮಾಸ್ತರ ಎರಡನೆಯ ಅರ್ಧವನ್ನು ಹೇಳಿದ್ದ. ನಾನಾದರೋ ಸತ್ತಿರಲಿಲ್ಲ, ನಾಯಿಯಂತೆ ಅವರನ್ನೇ ನಂಬಿ ಬಂದ ಅನಾಥನೂ ಆಗಿರಲಿಲ್ಲ. ನೂರಾ ಎರಡು ಜ್ವರದವನಿಗೆ ಬೇಕಾದದ್ದು ನಾಲ್ವರಲ್ಲ. ಸೊನ್ನೆಯೂ ಅಲ್ಲ.

ಆ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಬೇರೆ ಒಂದು ಸಂಗತಿ. ನಾಯಿ ಏನನ್ನೂ ಕೇಳಿರಲಿಲ್ಲ. ‘ನೀವು ಹೋಗ್ರಿ’ ಎನ್ನಲೂ ಇಲ್ಲ, ‘ಇರ್ರಿ’ ಎನ್ನಲೂ ಇಲ್ಲ. ಮಾತಿಲ್ಲದ ಪ್ರಾಣಿಯಾದ್ದರಿಂದ ಧರ್ಮರಾಯನ ಕೆಲಸ ಸರಳವಾಯಿತು. ಮನುಷ್ಯರ ನಡುವೆ ಮಾತು ಬಂದು ಗಂಟು ಬೀಳುತ್ತದೆ. ಹೋಗಿರೆಂದವನ ಮಾತನ್ನು ನಂಬಿ ಹೋದರೆ ಕಠಿಣ ಹೃದಯದವರಾಗುತ್ತಾರೆ, ನಂಬದೆ ನಿಂತರೆ ಅವನನ್ನು ಸುಳ್ಳುಗಾರನನ್ನಾಗಿ ಮಾಡುತ್ತಾರೆ. ಅದೇ ಮಹಾಭಾರತದ ಶಾಂತಿಪರ್ವದಲ್ಲಿ ಇನ್ನೊಂದು ಪ್ರಸಿದ್ಧ ಉಪಮೆಯಿದೆ, ರಾಮಾಯಣದಲ್ಲಿಯೂ ಬರುತ್ತದೆ: ಮಹಾಸಾಗರದಲ್ಲಿ ತೇಲುವ ಎರಡು ಮರದ ತುಂಡುಗಳು ಕೂಡುತ್ತವೆ, ಅಗಲುತ್ತವೆ, ಜೀವಿಗಳ ಸಮಾಗಮವೂ ಅಷ್ಟೇ ಎಂದು. ದುಃಖದಲ್ಲಿರುವವನಿಗೆ ಇದು ಒಳ್ಳೆಯ ಔಷಧವಿರಬಹುದು. ಬಂದರಿನ ಬೆಂಚಿನ ಮೇಲೆ ಇದು ನಡೆಯುವುದಿಲ್ಲ. ಮರದ ತುಂಡುಗಳಿಗೆ ಕಾರ್ಡು ಕೊರಳಲ್ಲಿ ಇರುವುದಿಲ್ಲ. ಹತ್ತಲೋ ಬೇಡವೋ ಎಂದು ಅವು ಒಂದರ ಮುಖ ಒಂದು ನೋಡಿಕೊಳ್ಳುವುದಿಲ್ಲ.

ಕಪ್ತಾನನಿಗಾದರೆ ಕಾನೂನು ಇದೆ. 2012ರ ಜನವರಿ 13ರಂದು ಇಟಲಿಯ ದಂಡೆಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಬಂಡೆಗೆ ತಾಗಿ ವಾಲಿ 32 ಜನ ಸತ್ತರು. ಪ್ರಯಾಣಿಕರೆಲ್ಲ ಇಳಿಯುವ ಮುಂಚೆಯೇ ಕಪ್ತಾನ ಇಳಿದುಬಿಟ್ಟಿದ್ದ. ಅವನಿಗೆ ಹದಿನಾರು ವರ್ಷದ ಶಿಕ್ಷೆಯಾಯಿತು. ಮುಖ್ಯವಾಗಿ ಅದು ಸತ್ತವರ ಲೆಕ್ಕದ ಶಿಕ್ಷೆ. ಆದರೆ ಹಡಗು ಬಿಟ್ಟು ಬಂದ ಅಪರಾಧವೂ ಅದರಲ್ಲಿ ಸೇರಿತ್ತು. ಗೆಳೆಯನು ಯಾವಾಗ ಹೋಗಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಕಾನೂನು ಎಲ್ಲಿಯೂ ಇಲ್ಲ. ಇಲ್ಲದಿರುವುದೇ ಲೇಸು. ಕಾನೂನಿಗೆ ಅಂಜಿ ಮಗ್ಗುಲಲ್ಲಿ ಕೂತವನಿಂದ ಗಂಜಿ ಕುಡಿಯಲು ಯಾರಿಗೆ ಮನಸ್ಸಾದೀತು?

ಇಲ್ಲಿ ಗಾಂಧೀಜಿಯ ಮಾತು ನೆನಪಾಗುತ್ತದೆ. 1888ರಲ್ಲಿ ಅವರು ಬ್ಯಾರಿಸ್ಟರ್ ಓದಲು ವಿಲಾಯತಿಗೆ ಹೊರಟಾಗ ಮುಂಬಯಿಯಲ್ಲಿ ಅವರ ಮೋಢ ಬನಿಯಾ ಜಾತಿಯವರು ಸಭೆ ಸೇರಿ ಬಹಿಷ್ಕಾರ ಹಾಕಿದರು. ಸಮುದ್ರಯಾನ ಪತಿತರನ್ನಾಗಿ ಮಾಡುವ ಕರ್ಮವೆಂಬ ಹಳೆಯ ನಂಬಿಕೆ; ಬೌಧಾಯನ ಸೂತ್ರದಷ್ಟು ಹಳೆಯದು. ಅವರಿಗೆ ಸಹಾಯ ಮಾಡಿದವರಿಗೆ, ಅಷ್ಟೇ ಅಲ್ಲ, ಬಂದರಿಗೆ ಹೋಗಿ ಬೀಳ್ಕೊಟ್ಟವರಿಗೆ ಸಹ ಒಂದು ರೂಪಾಯಿ ನಾಲ್ಕಾಣೆ ದಂಡ. ಜಾತಿಯ ಹಿರಿಯರು ಮೂಢರಿರಬಹುದು, ಆದರೆ ಒಂದು ವಿಷಯದಲ್ಲಿ ಅವರ ದೃಷ್ಟಿ ಚುರುಕಾಗಿತ್ತು: ಕಟ್ಟೆಯ ಮೇಲೆ ನಿಂತು ಕೈ ಬೀಸುವವನೂ ಆ ಪ್ರಯಾಣದಲ್ಲಿ ಪಾಲುಗಾರನೇ ಎಂಬುದು ಅವರಿಗೆ ತಿಳಿದಿತ್ತು.

ಅದಕ್ಕಿಂತ ಮುಖ್ಯವಾದದ್ದು ಮುಂದಿದೆ. ಪ್ರಯಾಣದ ಹಣವನ್ನು ಗಾಂಧೀಜಿಯ ಅಣ್ಣ ಒಬ್ಬ ನೆಂಟನ ಹತ್ತಿರ ಇಟ್ಟಿದ್ದರು. ಆ ನೆಂಟ, ಜಾತಿಯ ಅಪ್ಪಣೆ ಮೀರಲಾರೆನೆಂದು ಕೈ ಬಿಟ್ಟ. ಆಗ ಕುಟುಂಬದ ಸ್ನೇಹಿತರೊಬ್ಬರು, ಆಮೇಲೆ ಅಣ್ಣನಿಂದ ಪಡೆಯುವುದೆಂದು ಮಾತಾಗಿ, ಖರ್ಚಿನ ಹಣವನ್ನು ಸಾಲ ಕೊಟ್ಟರು, ಧೈರ್ಯವನ್ನೂ ಹೇಳಿದರು. ಸೆಪ್ಟೆಂಬರ್ 4ರಂದು ಹಡಗು ಹೊರಟಿತು. ಆ ಸ್ನೇಹಿತರು ಹಣವನ್ನು ದಾನವಾಗಿ ಕೊಡಲಿಲ್ಲ, ಸಾಲವಾಗಿ ಕೊಟ್ಟರು ಎಂಬುದು ನನಗೆ ಬಹಳ ಸೊಗಸಾಗಿ ಕಾಣುತ್ತದೆ. ಸಾಲ ತೀರುತ್ತದೆ. ತೀರಿಸಿದವನು ತಲೆ ಎತ್ತಿ ನಡೆಯುತ್ತಾನೆ. ‘ನಿನಗಾಗಿ ನಾನು ಬಿಟ್ಟುಕೊಟ್ಟೆ’ ಎಂಬುದಕ್ಕೆ ಮಾತ್ರ ಖಾತೆಯಿಲ್ಲ, ಕಂತಿಲ್ಲ, ಪಾವತಿಯಿಲ್ಲ. ಮಗನಿಗಾಗಿ ಎಲ್ಲ ಬಿಟ್ಟ ತಂದೆತಾಯಿ, ತಮ್ಮಂದಿರಿಗಾಗಿ ಓದು ಬಿಟ್ಟ ಅಣ್ಣ, ಇಂಥವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅವರಲ್ಲಿ ಕೆಲವರ ಋಣ ಹಗುರಾಗಿರುತ್ತದೆ, ಕೆಲವರದು ಕತ್ತು ಹಿಸುಕುತ್ತದೆ. ಬಿಟ್ಟುಕೊಟ್ಟ ವಸ್ತುವಿನ ತೂಕದಿಂದ ಈ ವ್ಯತ್ಯಾಸ ಬರುವುದಿಲ್ಲವೆಂದು ನನ್ನ ಅನುಭವ. ಅದನ್ನು ಎಷ್ಟು ಸಲ ನೆನಪು ಮಾಡಿಕೊಟ್ಟರು, ನೆನಪು ಮಾಡಿಕೊಡದೆಯೂ ಎಷ್ಟು ಸಲ ಮುಖದಲ್ಲಿ ತೋರಿಸಿದರು ಎಂಬುದರಿಂದ ಬರುತ್ತದೆ.

ಹಾಗಾದರೆ ನಿಲ್ಲುವವನು ಹೇಗೆ ನಿಲ್ಲಬೇಕು? ನನ್ನ ಸಲುವಾಗಿ ನಿಲ್ಲಬಾರದು. ತನ್ನ ಸಲುವಾಗಿ ನಿಂತವನಂತೆ ನಿಲ್ಲಬೇಕು. ಈ ಸೂತ್ರ ನನಗೆ ಆ ಬೆಂಚಿನ ಮೇಲೆ ಹೊಳೆದದ್ದಲ್ಲ, ಕಣ್ಣೆದುರು ನಡೆದದ್ದನ್ನು ನೋಡಿ ಆಮೇಲೆ ತಿಳಿದದ್ದು. ವಕೀಲ ಮತ್ತು ಮಾಸ್ತರ ಜಗಳಕ್ಕೆ ಬಂದಿದ್ದಾಗ ಅರಿವೆ ಅಂಗಡಿಯವರು ತಮ್ಮ ಕೊರಳಿನ ಕಾರ್ಡನ್ನು ತೆಗೆದು ಮೇಜಿನವಳಿಗೆ ತಿರುಗಿ ಕೊಟ್ಟು ಬಂದು, ನನ್ನ ಮಗ್ಗುಲಲ್ಲಿ ಕೂತು, ಮೆಲ್ಲಗೆ ಹೇಳಿದರು: “ಖರೇ ಹೇಳತೇನ್ರಿ, ನನಗ ಮೊದಲಿಂದ ನೀರಂದ್ರ ಅಂಜಿಕಿ. ನಿನ್ನೆ ರಾತ್ರಿಯಿಂದ ನಿದ್ದಿಲ್ಲ. ನಿಮ್ಮ ಜ್ವರ ನನಗ ಛಲೋ ನೆವಾ ಆತು.”

ಎಲ್ಲರೂ ನಕ್ಕರು. ಜಗಳ ಮುಗಿಯಿತು. ಪೆಟ್ಟಿಗೆಗಳು ಬಂದುವು, ನನ್ನದು, ಅವರದು. ಮೂವರು ಒಳಗೆ ಹೋದರು. ಹಿರಿಯ ಮಾಸ್ತರ ಎರಡು ಸಲ ತಿರುಗಿ ನೋಡಿದ. ವಕೀಲ ನೋಡಲಿಲ್ಲ, ಅವನು ನೋಡದೆ ಹೋದದ್ದು ನನಗೆ ಸೇರಿತು.

ನಾವಿಬ್ಬರು ದಾದರಿನ ಒಂದು ಲಾಡ್ಜಿನಲ್ಲಿ ಎರಡು ರಾತ್ರಿ ಇದ್ದೆವು. ಸಾಮಾನ್ಯ ಜ್ವರ, ಮೂರನೆಯ ದಿನ ಇಳಿಯಿತು. ಅವರು ಮೊಸರನ್ನ ತರಿಸಿದರು, ಗುಳಿಗೆ ಕೊಟ್ಟರು, ಮಂಗಳದಾಸ ಮಾರ್ಕೆಟಿನಲ್ಲಿ ತಮ್ಮ ಅಂಗಡಿಗೆ ಅರಿವೆಯ ನಮೂನೆ ನೋಡಿ ಬಂದರು. ‘ಹೆಂಗೂ ಬಂದಂಗಾತು’ ಎಂದರು. ಒಂದು ಸಲವೂ ಹಡಗಿನ ಮಾತೆತ್ತಲಿಲ್ಲ.

ಹೋದವರ ಬಗ್ಗೆಯೂ ಒಂದು ಮಾತು ಹೇಳಬೇಕು. ಮೊದಲನೆಯ ದಿನವೆಲ್ಲ ಅವರಿಂದ ಒಂದು ಫೋಟೋ ಬರಲಿಲ್ಲ. ಸಮುದ್ರದ ಮೇಲೆ ಫೋನು ಹತ್ತುವುದಿಲ್ಲವೆಂದುಕೊಂಡೆವು. ಎರಡನೆಯ ದಿನ ಗೋವೆ ಮುಟ್ಟಿದ ಮೇಲೂ ‘ಜ್ವರ ಹೆಂಗದ?’ ಎಂಬುದಷ್ಟೇ. ನನಗೆ ಬೇಜಾರಾಗಬಾರದೆಂದು ತಮ್ಮ ಸಂತೋಷವನ್ನು ಮುಚ್ಚಿಟ್ಟಿದ್ದರು. ಇದು ನನಗೆ ನಿಜವಾಗಿಯೂ ನೋವು ಮಾಡಿತು. ನಾನು ಹೋಗಿರೆಂದದ್ದು ಅವರು ಅಲ್ಲಿ ಸಪ್ಪೆ ಮುಖ ಮಾಡಿಕೊಂಡು ಕೂರಲೆಂದೆ? ಬಿಟ್ಟು ಹೋದವರಿಗೂ ಒಂದು ಕರ್ತವ್ಯವಿದೆ. ಅದು ಸುಖಪಡುವುದು, ಸುಖಪಟ್ಟೆವೆಂದು ಹೇಳುವುದು. ಇಲ್ಲದಿದ್ದರೆ ಹಿಂದುಳಿದವನ ಅನುಮತಿ ವ್ಯರ್ಥವಾಗಿ ಹೋದಂತೆ. ನಾನು ಸ್ವಲ್ಪ ಸಿಟ್ಟಿನಿಂದಲೇ ಬರೆದೆ: ‘ಫೋಟೋ ಕಳಸ್ರಿ, ಇಲ್ಲಾಂದ್ರ ಊರಿಗೆ ಬಂದ ಮ್ಯಾಲೆ ಮಾತಾಡೂದಿಲ್ಲ.’ ಹತ್ತು ನಿಮಿಷದಲ್ಲಿ ನಲವತ್ತು ಫೋಟೋ ಬಂದುವು. ಒಂದರಲ್ಲಿ ಹಿರಿಯ ಮಾಸ್ತರ ಹಡಗಿನ ಕಟಕಟೆ ಹಿಡಿದುಕೊಂಡು ಚಿಕ್ಕ ಹುಡುಗನಂತೆ ನಗುತ್ತಿದ್ದ. ಅದನ್ನು ನೋಡಿ ನನಗೆ ಅರ್ಧ ಜ್ವರ ಇಳಿಯಿತೆಂದರೆ ಉತ್ಪ್ರೇಕ್ಷೆಯಾದೀತು; ಆದರೆ ಎದ್ದು ಚಹಾ ತರಿಸಿದ್ದು ನಿಜ.

ಇನ್ನು ಉಳಿದದ್ದು ಅರಿವೆ ಅಂಗಡಿಯವರ ನೀರಿನ ಅಂಜಿಕೆ. ಅವರು ಹುಬ್ಬಳ್ಳಿಯ ಉಣಕಲ್ಲ ಕೆರೆಯನ್ನು ಹುಡುಗರಾಗಿದ್ದಾಗ ಪಣ ಕಟ್ಟಿ ಈಸಿ ದಾಟಿದವರು. ಈ ಕಥೆಯನ್ನು ಅವರೇ ಒಮ್ಮೆ ಭಿಶಿಯ ದಿನ ಗಿರಮಿಟ್ಟು ತಿನ್ನುತ್ತ ನಮಗೆ ಹೇಳಿದ್ದರು. ಬಹುಶಃ ಹೇಳಿದ್ದನ್ನು ಅವರು ಮರೆತಿದ್ದಾರೆ, ಇಲ್ಲವೆ ನಾನು ಮರೆತಿದ್ದೇನೆಂದು ತಿಳಿದಿದ್ದಾರೆ. ಅಂತೂ ಬಂದರಿನಲ್ಲಿ ಆಡಿದ್ದು ಸುಳ್ಳು.

ಆ ಸುಳ್ಳನ್ನು ಏನೆನ್ನಬೇಕು? ಧರ್ಮರಾಯ ದ್ರೋಣನಿಗೆ ಅಶ್ವತ್ಥಾಮನ ವಿಷಯದಲ್ಲಿ ಅರ್ಧ ಸುಳ್ಳು ಹೇಳಿದ್ದಕ್ಕೆ ಸ್ವರ್ಗಾರೋಹಣದಲ್ಲಿ ಒಂದು ಗಳಿಗೆ ನರಕ ನೋಡಬೇಕಾಯಿತು. ಕಪಟದಿಂದ ದ್ರೋಣನನ್ನು ವಂಚಿಸಿದೆ, ಆದ್ದರಿಂದ ಕಪಟದಿಂದಲೇ ನಿನಗೆ ನರಕ ತೋರಿಸಲಾಯಿತು ಎಂದು ಇಂದ್ರನೇ ವಿವರಿಸುತ್ತಾನೆ. ಆದರೆ ಆ ಮಾತು ಆಡಿದ್ದು ದ್ರೋಣನ ಕೈಯಿಂದ ಬಿಲ್ಲು ಬೀಳಿಸುವುದಕ್ಕೆ. ನನ್ನ ಸ್ನೇಹಿತರು ಸುಳ್ಳಾಡಿದ್ದು ನನ್ನ ಹೆಗಲಿಂದ ಭಾರ ಇಳಿಸುವುದಕ್ಕೆ. ತನಗೆ ಲಾಭ ತರುವ ಸುಳ್ಳು ಒಂದು, ತನಗೆ ಬರಬೇಕಾದ ಕೃತಜ್ಞತೆಯನ್ನೇ ಕಳೆದುಕೊಳ್ಳುವ ಸುಳ್ಳು ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುವ ನೀತಿ ನನಗೆ ರುಚಿಸುವುದಿಲ್ಲ. ಸತ್ಯವ್ರತರು ಒಪ್ಪಲಾರರು. ಅಂಥ ಸುಳ್ಳಿನಿ೦ದ ನನ್ನ ಋಣ ತೀರಿತೆ, ಮುಚ್ಚಿಹೋಯಿತಷ್ಟೆ ಅಲ್ಲವೆ ಎಂದು ಅವರು ಕೇಳಿದರೆ ನನ್ನ ಬಳಿ ಚೊಕ್ಕ ಉತ್ತರವಿಲ್ಲ. ಆದರೆ ಅವರಿಗೆ ನಾನೂ ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ. ಹಿಮಾಲಯದ ದಾರಿಯುದ್ದಕ್ಕೂ ಧರ್ಮರಾಯನ ಹಿಂದೆ ಬಂದ ನಾಯಿ ನಾಯಿಯಾಗಿರಲಿಲ್ಲ. ಸಾಕ್ಷಾತ್ ಧರ್ಮದೇವತೆಯೇ ಆ ವೇಷದಲ್ಲಿ ಬಂದಿದ್ದ. ವೇಷವೂ ಒಂದು ಸುಳ್ಳಲ್ಲವೆ? ಜೊತೆಗೆ ಬರುವಾಗ ತಾನು ಯಾರೆಂದು, ಏಕೆ ಬರುತ್ತಿದ್ದೇನೆಂದು ಧರ್ಮವೇ ಹೇಳಲಿಲ್ಲವಷ್ಟೆ.

ಉಣಕಲ್ಲ ಕೆರೆಯ ಮಾತನ್ನು ನಾನು ಅವರ ಮುಂದೆ ಇದುವರೆಗೆ ಎತ್ತಿಲ್ಲ. ನಾವು ಈಗಲೂ ಒಬ್ಬರಿಗೊಬ್ಬರು ‘ರೀ’ ಎಂದೇ ಮಾತನಾಡಿಕೊಳ್ಳುತ್ತೇವೆ. ಹೊಸ ಭಿಶಿ ಶುರುವಾಗಿದೆ. ಈ ಸಲ ಎಲ್ಲಿಗೆ ಎಂದು ವಕೀಲ ಕೇಳಿದಾಗ ಯಾರೋ ಮತ್ತೆ ಹಡಗಿನ ಹೆಸರು ತೆಗೆದರು. ಅರಿವೆ ಅಂಗಡಿಯವರು ನನ್ನ ಕಡೆ ಒಮ್ಮೆ ನೋಡಿ, “ನನಗ ಅಂಜಿಕಿ ರೀ, ಆದರೂ ನೋಡೋಣು” ಎಂದರು.